ಅಕ್ವೇರಿಯಂನ ಕೋಡಿ ಕಟ್ಟಿಕೊಂಡಾಗ: ಓವರ್‌ಫ್ಲೋ ದೋಷ ಹುಡುಕುವ ಬಗೆ

ರಾತ್ರಿ ಎರಡರ ಹೊತ್ತಿಗೆ ಕರೆಂಟು ಹೋಗಿ, ಸ್ವಲ್ಪ ಹೊತ್ತಿಗೆ ಮತ್ತೆ ಬಂದಿತ್ತು. ಫ್ಯಾನು ನಿಂತು ತಿರುಗಿದ್ದು ನಿದ್ದೆಗಣ್ಣಲ್ಲೇ ಗೊತ್ತಾಗಿತ್ತು. ಬೆಳಿಗ್ಗೆ ಹಾಲಿಗೆ ಕಾಲಿಟ್ಟರೆ ನೆಲದ ತುಂಬ ನೀರು. ದಿವಾನದ ಕೆಳಗಿದ್ದ ಪುಸ್ತಕದ ಪೆಟ್ಟಿಗೆ ತೊಯ್ದು ಮೆತ್ತಗಾಗಿತ್ತು. ನಾಲ್ಕಡಿ ಅಕ್ವೇರಿಯಂನಲ್ಲಿ ಐದು ಗೋಲ್ಡ್ ಫಿಶ್‌ಗಳು ಎಂದಿನಂತೆ ಓಡಾಡಿಕೊಂಡಿದ್ದವು. ಕೆಳಗೆ ಸ್ಟ್ಯಾಂಡಿನೊಳಗೆ ಪಂಪು ನೀರಿಲ್ಲದೆ ಗರಗರ ಎನ್ನುತ್ತಿತ್ತು.

ಮೊದಲು ಅನುಮಾನ ಬಂದದ್ದು ಗಾಜಿನ ಮೇಲೆ. ಸಿಲಿಕಾನ್ ಅಂಚನ್ನೆಲ್ಲ ಟಿಶ್ಯೂ ಕಾಗದದಿಂದ ಒತ್ತಿ ಒತ್ತಿ ನೋಡಿದೆ. ಅರ್ಧ ಗಂಟೆ ಕಳೆದ ಮೇಲೆ ಹೊಳೆಯಿತು: ಗಾಜು ಸೋರಿದ್ದರೆ ಮೇಲಿನ ತೊಟ್ಟಿಯ ನೀರು ಇಳಿದಿರಬೇಕಿತ್ತು, ಅದು ಅಂಚಿನವರೆಗೆ ತುಂಬಿ ನಿಂತಿದೆ. ಅಂದರೆ ನೀರು ಸೋರಿಲ್ಲ, ಉಕ್ಕಿದೆ. ಈ ಎರಡರ ನಡುವಿನ ವ್ಯತ್ಯಾಸ ಮೊದಲೇ ಗಮನಿಸಿದ್ದರೆ ಆ ಅರ್ಧ ಗಂಟೆ ಉಳಿಯುತ್ತಿತ್ತು. ಓವರ್‌ಫ್ಲೋದ, ಅಂದರೆ ತೊಟ್ಟಿಯ ಹೆಚ್ಚಿನ ನೀರು ಕೆಳಗಿಳಿಯುವ ದಾರಿಯ, ಯಾವ ದೋಷವನ್ನು ಹುಡುಕುವಾಗಲೂ ಕೊಳವೆಗೆ ಕೈ ಹಾಕುವ ಮುಂಚೆ ನೀರಿನ ಮಟ್ಟ ನೋಡಿ. ಎಲ್ಲಿ ಏರಿದೆ, ಎಲ್ಲಿ ಇಳಿದಿದೆ ಎಂದು ತಿಳಿದರೆ ದೋಷ ಎಲ್ಲಿದೆ ಎಂಬುದು ಮುಕ್ಕಾಲು ಪಾಲು ತಿಳಿದಂತೆ.

ಅದಕ್ಕೂ ಮುಂಚಿನ ಕೆಲಸ ಒಂದಿದೆ. ನೆಲ ಒದ್ದೆಯಿದ್ದರೆ ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೆ ನೀರಿಗೆ ಕೈ ಹಾಕಿ. ಎಕ್ಸ್‌ಟೆನ್ಷನ್ ಬೋರ್ಡು ಸ್ಟ್ಯಾಂಡಿನೊಳಗೆ ನೆಲದ ಮೇಲೆ ಬಿದ್ದಿದ್ದರೆ ಮೀಟರ್ ಬೋರ್ಡಿನ ಮೇನ್ ಸ್ವಿಚ್ಚನ್ನೇ ಆರಿಸಿ.

ನಮ್ಮ ಕೆರೆಗಳ ಲೆಕ್ಕ

ಓವರ್‌ಫ್ಲೋ ಅಂದರೆ ಹೊಸದೇನಲ್ಲ, ಕೆರೆಯ ಕೋಡಿ. ಕೆರೆಗೆ ಎಷ್ಟೇ ನೀರು ಬಂದರೂ ಕೋಡಿಯ ಎತ್ತರಕ್ಕಿಂತ ಹೆಚ್ಚಿಗೆ ನಿಲ್ಲುವುದಿಲ್ಲ, ಮಿಕ್ಕದ್ದು ಹರಿದು ಕೆಳಗಿನ ಕೆರೆಗೆ ಹೋಗುತ್ತದೆ. ಅಕ್ವೇರಿಯಂನಲ್ಲಿ ಕೆಳಗಿನ ಕೆರೆ ಅಂದರೆ ಸಂಪ್. ನಮ್ಮ ಕಡೆ ಸಂಪ್ ಎಂದ ಕೂಡಲೇ ಅಂಗಳದಡಿಯ ನೀರಿನ ತೊಟ್ಟಿ ನೆನಪಾಗುತ್ತದೆ. ಇಲ್ಲಿ ಅದು ಸ್ಟ್ಯಾಂಡಿನೊಳಗೆ ಕೂರುವ, ಎರಡು ಮೂರು ಕೋಣೆಗಳಿರುವ ಗಾಜಿನ ತೊಟ್ಟಿ. ಮೇಲಿನ ನೀರು ಕೋಡಿ ದಾಟಿ ಓವರ್‌ಫ್ಲೋ ಬಾಕ್ಸಿಗೆ ಬೀಳುತ್ತದೆ, ಕೊಳವೆಯಲ್ಲಿ ಸಂಪಿಗೆ ಇಳಿಯುತ್ತದೆ, ಸ್ಪಂಜು ಮತ್ತು ನೀರು ಸೋಸುವ ಮೀಡಿಯಾ ದಾಟಿ ಕಡೆಯ ಕೋಣೆ ಸೇರುತ್ತದೆ, ಅಲ್ಲಿಂದ ಪಂಪು ಮತ್ತೆ ಮೇಲೆತ್ತುತ್ತದೆ. ಕೋಡಿ ಕಟ್ಟಿಕೊಂಡರೆ ಕೆರೆಯ ಏರಿಯೇ ಒಡೆಯುತ್ತದೆ ಎಂಬುದು ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ನನ್ನ ಹಾಲಿನಲ್ಲಿ ಆ ರಾತ್ರಿ ಆದದ್ದೂ ಅದೇ.

ನೋಡಬೇಕಾದ ಮಟ್ಟ ಮೂರು. ಮೇಲಿನ ತೊಟ್ಟಿ, ಓವರ್‌ಫ್ಲೋ ಬಾಕ್ಸು, ಸಂಪಿನ ಕಡೆಯ ಕೋಣೆ. ಎಲ್ಲ ಸರಿಯಾಗಿ ಓಡುತ್ತಿರುವ ದಿನ ಈ ಮೂರರ ಮೇಲೂ ಮಾರ್ಕರಿನಲ್ಲಿ ಒಂದೊಂದು ಗೆರೆ ಎಳೆದಿಡಿ. ನಾನು ಎಳೆದಿರಲಿಲ್ಲ.

ಮೇಲಿನ ತೊಟ್ಟಿಯೂ ಬಾಕ್ಸೂ ಗೆರೆಯಲ್ಲೇ ಇದ್ದು ಕಡೆಯ ಕೋಣೆ ಮಾತ್ರ ದಿನದಿನಕ್ಕೆ ಇಳಿಯುತ್ತಿದ್ದರೆ ಗಾಬರಿ ಬೇಡ, ನೀರು ಆವಿಯಾಗುತ್ತಿದೆ. ಮೇಲಿನ ಮಟ್ಟವನ್ನು ಕೋಡಿಯೇ ಹಿಡಿದಿಡುವುದರಿಂದ ಇಡೀ ವ್ಯವಸ್ಥೆಯ ನಷ್ಟ ಕಾಣುವುದು ಆ ಕಡೆಯ ಕೋಣೆಯಲ್ಲಿ ಮಾತ್ರ. ಮಾರ್ಚ್ ಏಪ್ರಿಲ್‌ನಲ್ಲಿ ಫ್ಯಾನಿನ ಗಾಳಿ ಬೇರೆ ತಾಗಿದರೆ ಇಳಿತ ಬೇಗ ಕಣ್ಣಿಗೆ ಬೀಳುತ್ತದೆ. ಕ್ಲೋರಿನ್ ತೆಗೆದ ನೀರು ತುಂಬಿಸಿದರೆ ಮುಗಿಯಿತು.

ಮೇಲಿನ ತೊಟ್ಟಿ ಏರಿ, ಬಾಕ್ಸು ಇಳಿದಿದ್ದರೆ ಕೋಡಿಯ ಬಾಯಿ ಮುಚ್ಚಿದೆ. ಹಲ್ಲುಹಲ್ಲಾಗಿ ಕತ್ತರಿಸಿದ ಕೋಡಿಗೆ ಕಿತ್ತುಬಂದ ಗಿಡದ ಎಲೆಯೋ ಪಾಚಿಯೋ ಅಡ್ಡ ಕೂತಿರುತ್ತದೆ. ಗೋಲ್ಡ್ ಫಿಶ್ ಗಿಡ ಕೀಳುವುದರಲ್ಲಿ ಎತ್ತಿದ ಕೈ. ಮೇಲಿನದೂ ಬಾಕ್ಸೂ ಎರಡೂ ಏರಿದ್ದರೆ ಕೋಡಿ ಸರಿಯಿದೆ, ಇಳಿಯುವ ಕೊಳವೆಯಲ್ಲಿ ತಡೆಯಿದೆ. ಸಾಮಾನ್ಯವಾಗಿ ಎಲ್ಬೋದಲ್ಲಿ, ಅಂದರೆ ಕೊಳವೆ ತಿರುಗುವ ಮೂಲೆಯಲ್ಲಿ. ಗಿಡದ ಜೊತೆ ಬಂದ ಪುಟ್ಟ ಬಸವನಹುಳುಗಳು ಅಲ್ಲೇ ಗುಂಪುಗಟ್ಟುತ್ತವೆ. ಎಲ್ಬೋ ಇರುವಲ್ಲಿ ಯೂನಿಯನ್ ಹಾಕಿಸಿದ್ದರೆ ಕೈಯಲ್ಲೇ ತಿರುಗಿಸಿ ಬಿಚ್ಚಬಹುದು. ಎಲ್ಲವನ್ನೂ ಸಾಲ್ವೆಂಟ್ ಹಚ್ಚಿ ಅಂಟಿಸಿದ್ದರೆ ಗರಗಸವೇ ಗತಿ.

ನೇತುಹಾಕುವ ಬಾಕ್ಸು, ಕೊಂಡಿ ಕಳಚುವ ಸೈಫನ್

ನನ್ನದು ಕೊಳವೆ ಹಾಯಿಸಲು ಗಾಜಿಗೆ ತೂತು ಕೊರೆಯದ ತೊಟ್ಟಿ. ಅಂಚಿಗೆ ನೇತುಹಾಕುವ ಬಗೆಯ ಬಾಕ್ಸು ಹಾಕಿದ್ದೆ: ಒಳಗೊಂದು ಬಾಕ್ಸು, ಹೊರಗೊಂದು ಬಾಕ್ಸು, ಎರಡರ ನಡುವೆ ಗಾಜಿನ ಅಂಚನ್ನು ಹಾದುಹೋಗುವ ತಲೆಕೆಳಗಾದ ಯು ಆಕಾರದ ಕೊಳವೆ. ಅದರ ತುಂಬ ನೀರಿರುವವರೆಗೆ ಸೈಫನ್, ಅಂದರೆ ಅಂಚು ಹತ್ತಿ ಆಚೆ ಇಳಿಯುವ ನೀರಿನ ಎಳೆತ, ನಡೆಯುತ್ತದೆ. ಕರೆಂಟು ಹೋದರೆ ಎರಡೂ ಬಾಕ್ಸಿನ ನೀರು ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ, ಕೊಳವೆಯ ಎರಡು ತುದಿಯೂ ಮುಳುಗಿಯೇ ಇರುತ್ತವೆ, ಕರೆಂಟು ಬಂದಾಗ ತಾನಾಗಿ ಮತ್ತೆ ಶುರುವಾಗುತ್ತದೆ. ವಿನ್ಯಾಸ ಹೇಳುವುದು ಹೀಗೆ, ಮೊದಲ ಐದು ತಿಂಗಳು ಆದದ್ದೂ ಹೀಗೆ.

ಆ ಬೆಳಿಗ್ಗೆ ಯು ಕೊಳವೆಯ ನೆತ್ತಿಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಮೂರು ಬೆರಳಗಲ ಗಾಳಿ ನಿಂತಿತ್ತು. ನೀರಿನಲ್ಲಿ ಬರುವ ಸಣ್ಣ ಗುಳ್ಳೆಗಳು ನೆತ್ತಿಗೆ ಏರಿ ಕೂಡುತ್ತವೆ. ಹರಿವು ಜೋರಾಗಿದ್ದರೆ ಗುಳ್ಳೆಗಳನ್ನು ಎಳೆದುಕೊಂಡು ಆಚೆ ಹಾಕುತ್ತದೆ, ಮಂದವಾಗಿದ್ದರೆ ಅವು ಅಲ್ಲೇ ಉಳಿದು ಬೆಳೆಯುತ್ತವೆ. ಹೆಚ್ಚಿಗೆ ನೀರು ಹೋಗಲಿ ಎಂದು ನಾನು ದಪ್ಪ ಕೊಳವೆ ಆರಿಸಿದ್ದೆ. ಪಂಪು ಅಷ್ಟು ನೀರು ಕೊಡುತ್ತಿರಲಿಲ್ಲ, ಹಾಗಾಗಿ ಕೊಳವೆಯೊಳಗೆ ಹರಿವು ನಿಧಾನವಾಗಿತ್ತು. ನೆತ್ತಿಯ ಗಾಳಿ ಎಳೆಯಲೆಂದು ಒಂದು ಸಣ್ಣ ಏರ್ ಟ್ಯೂಬು ಪವರ್‌ಹೆಡ್ಡಿಗೆ, ಅಂದರೆ ತೊಟ್ಟಿಯೊಳಗಿನ ಪುಟ್ಟ ಪಂಪಿಗೆ, ಹೋಗಿತ್ತು. ಬಿಚ್ಚಿ ಊದಿದರೆ ಗಾಳಿ ಆಡಲಿಲ್ಲ, ಒಳಗೆ ಲೋಳೆ ಕಟ್ಟಿಕೊಂಡಿತ್ತು.

ಆದದ್ದು ಇಷ್ಟು. ಓಡುತ್ತಿರುವಾಗ ಹರಿವಿನ ಬಲದಲ್ಲಿ ಹೇಗೋ ನಡೆಯುತ್ತಿತ್ತು. ಕರೆಂಟು ಹೋದ ಕ್ಷಣ ಚದುರಿದ್ದ ಗುಳ್ಳೆಗಳೆಲ್ಲ ಒಂದಾಗಿ ನೆತ್ತಿಯಲ್ಲಿ ಕೂತವು, ನೀರು ಎರಡು ಪಾಲಾಯಿತು. ಕರೆಂಟು ಬಂದಾಗ ಪಂಪು ಮೇಲೆತ್ತಿತು, ಸೈಫನ್ ಎಳೆಯಲಿಲ್ಲ. ಕಡೆಯ ಕೋಣೆಯಲ್ಲಿ ಪಂಪಿನ ಬಾಯಿಯ ಮೇಲೆ ಸುಮಾರು 30 ಲೀಟರ್ ನೀರಿತ್ತು. ತೊಟ್ಟಿಯ ಅಳತೆ 120 ಸೆಂಟಿಮೀಟರ್ ಉದ್ದ, 45 ಅಗಲ. ಒಂದು ಸೆಂಟಿಮೀಟರ್ ಏರಿಕೆಗೆ 5.4 ಲೀಟರ್ ಹಿಡಿಯುತ್ತದೆ. ಅಂಚಿಗೆ ಉಳಿದಿದ್ದ ಜಾಗ 3 ಸೆಂಟಿಮೀಟರ್, ಅಂದರೆ 16 ಲೀಟರ್. ಮಿಕ್ಕ 14 ಲೀಟರ್ ನೆಲದ ಮೇಲೆ ಬಿತ್ತು.

ಇದೇ ಬಗೆಯ ಬಾಕ್ಸು ನಿಮ್ಮಲ್ಲಿದ್ದರೆ ವಾರಕ್ಕೊಮ್ಮೆ ಯು ಕೊಳವೆಯ ನೆತ್ತಿ ನೋಡಿ. ಗಾಳಿ ಕಂಡರೆ ಏರ್ ಟ್ಯೂಬಿನಿಂದ ಎಳೆದು ತೆಗೆಯಿರಿ, ಮತ್ತೆ ಯಾಕೆ ಸೇರುತ್ತಿದೆ ಎಂದು ಹುಡುಕಿ. ಎರಡು ಯು ಕೊಳವೆ ಇದ್ದು ಹರಿವು ಕಡಿಮೆಯಿದ್ದರೆ ಒಂದನ್ನು ತೆಗೆಯುವುದು ಮೇಲು, ಉಳಿದದ್ದರಲ್ಲಿ ವೇಗ ಹೆಚ್ಚುತ್ತದೆ. ಆದರೆ ನೇರವಾಗಿ ಹೇಳುತ್ತೇನೆ: ಪದೇ ಪದೇ ಕರೆಂಟು ಹೋಗುವ ಊರಿನಲ್ಲಿ ಸೈಫನ್ ಬಾಕ್ಸನ್ನು ನಂಬಿ ರಾತ್ರಿ ಮಲಗಬಾರದು. ನೀರು ತುಂಬಿದ ಹಳೆಯ ತೊಟ್ಟಿಗೆ ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಅದು. ಹೊಸದಾಗಿ ಕಟ್ಟಿಸುವವರು ತೂತು ಕೊರೆಸಿಯೇ ಕಟ್ಟಿಸಿ.

ಕರೆಂಟು ಹೋದಾಗ ಕೆಳಗೆ ಉಕ್ಕಿದರೆ

ಇದು ಮೇಲಿನದರ ತದ್ವಿರುದ್ಧ. ಪಂಪು ನಿಂತ ಕೂಡಲೇ ನೀರನ್ನು ಮೇಲೊಯ್ಯುವ ಕೊಳವೆಯೇ ತಿರುಗಿ ಸೈಫನ್ ಆಗುತ್ತದೆ. ಅದರ ಬಾಯಿ ನೀರಿನ ಮಟ್ಟಕ್ಕಿಂತ 4 ಸೆಂಟಿಮೀಟರ್ ಕೆಳಗಿದ್ದರೆ ಅಷ್ಟೂ ನೀರು ಹಿಂದಕ್ಕೆ ಬರುತ್ತದೆ. ನನ್ನ ತೊಟ್ಟಿಯ ಲೆಕ್ಕದಲ್ಲಿ ಅದು 21.6 ಲೀಟರ್. ಬಾಕ್ಸಿನಲ್ಲಿ, ಕೊಳವೆಗಳಲ್ಲಿ ಇದ್ದದ್ದು ಬೇರೆ. ಸಂಪಿನಲ್ಲಿ 30 ಲೀಟರಿನಷ್ಟಾದರೂ ಖಾಲಿ ಜಾಗ ಬೇಕು. 75 ಕ್ಕೆ 35 ಸೆಂಟಿಮೀಟರ್ ಸಂಪಾದರೆ ಮೇಲಿನ ಹನ್ನೆರಡು ಸೆಂಟಿಮೀಟರ್ ಯಾವಾಗಲೂ ಖಾಲಿ ಇರಬೇಕು ಎಂದರ್ಥ. ಜಾಗ ಇದೆಯಲ್ಲ ಎಂದು ತುಂಬಿಸುವ ಚಪಲ ಎಲ್ಲರಿಗೂ ಇರುತ್ತದೆ. ಆ ಜಾಗ ಕರೆಂಟು ಹೋದ ಹೊತ್ತಿಗೆ ಮೀಸಲು.

ಬಾಯಿಯನ್ನು ನೀರಿನ ಮಟ್ಟದ ಹತ್ತಿರಕ್ಕೆ ತನ್ನಿ. ಕೊಳವೆಯಲ್ಲಿ, ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ, 3-4 ಮಿಲಿಮೀಟರಿನ ಒಂದು ತೂತು ಕೊರೆಯಿರಿ. ನೀರು ಆ ತೂತಿನವರೆಗೆ ಇಳಿದಾಗ ಗಾಳಿ ನುಗ್ಗಿ ಸೈಫನ್ ಮುರಿಯುತ್ತದೆ. ಈ ತೂತಿಗೆ ಪಾಚಿ ಕಟ್ಟದೆ ಇರದು. ಊದುಬತ್ತಿ ಉರಿದು ಮುಗಿದ ಮೇಲೆ ಉಳಿಯುವ ಬಿದಿರು ಕಡ್ಡಿ ಅದಕ್ಕೆ ಹೇಳಿ ಮಾಡಿಸಿದಂತಿದೆ, ಒಂದನ್ನು ಪಕ್ಕದಲ್ಲೇ ಇಟ್ಟಿರಿ. ತೂತಿನ ಬದಲು ಎನ್‌ಆರ್‌ವಿ, ಅಂದರೆ ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವು, ಹಾಕಿ ಎಂದು ಪ್ಲಂಬರುಗಳು ಹೇಳುತ್ತಾರೆ. ಮನೆಯ ನೀರಿನ ಲೈನಿನ ಅನುಭವದ ಮಾತು ಅದು. ಇಲ್ಲಿ ಒಂದು ಬಸವನಹುಳು ಅದರ ಬಾಗಿಲಿಗೆ ಸಿಕ್ಕಿಕೊಂಡರೂ ಅದು ಮುಚ್ಚದು. ಹಾಕಬೇಡಿ ಎನ್ನುವುದಿಲ್ಲ, ಅದೊಂದನ್ನೇ ನೆಚ್ಚಿ ಸಂಪು ತುಂಬಿಸಬೇಡಿ.

ಸದ್ದು

ಉಕ್ಕದ ಓವರ್‌ಫ್ಲೋ ಕೂಡ ಮನೆಯವರ ನಿದ್ದೆ ಕೆಡಿಸಬಲ್ಲದು. ಸದ್ದಿನಲ್ಲಿ ಬಗೆಗಳಿವೆ, ಪ್ರತಿಯೊಂದೂ ಬೇರೆ ಬೇರೆ ದೋಷವನ್ನು ಹೇಳುತ್ತದೆ.

ಒಂದೇ ಕೊಳವೆ ಇದ್ದು, ಅದರ ತಲೆಯ ಮೇಲೆ ಟಿ ಆಕಾರದ ಜಾಯಿಂಟು ಮತ್ತು ಮುಚ್ಚಳ ಇರುವ ವ್ಯವಸ್ಥೆಗೆ ಡರ್ಸೊ ಎನ್ನುತ್ತಾರೆ, ಅದನ್ನು ಬಳಕೆಗೆ ತಂದ ಅಮೆರಿಕದ ಹವ್ಯಾಸಿಯ ಹೆಸರು. ಮುಚ್ಚಳದಲ್ಲಿ ಗಾಳಿಗೆಂದು ಸಣ್ಣ ತೂತು ಇರುತ್ತದೆ. ಬಾಕ್ಸಿನ ನೀರು ನಿಧಾನಕ್ಕೆ ಏರಿ, ಸೊರ್ರೆಂದು ಒಮ್ಮೆಗೇ ಇಳಿದು, ಮತ್ತೆ ಏರುತ್ತಿದ್ದರೆ, ಟಾಯ್ಲೆಟ್ ಫ್ಲಶ್ ಮಾಡಿದ ಹಾಗೆ, ಆ ತೂತು ಸಾಲದು. ಗಾಳಿ ಸಿಗದೆ ಕೊಳವೆ ತುಂಬಿ ಸೈಫನ್ ಆಗುತ್ತದೆ, ಬಾಕ್ಸು ಖಾಲಿಯಾಗಿ ಸೈಫನ್ ಮುರಿಯುತ್ತದೆ, ಇದೇ ಚಕ್ರ. ತೂತನ್ನು ಸ್ವಲ್ಪ ಸ್ವಲ್ಪವೇ ದೊಡ್ಡದು ಮಾಡಿ. ಹೆಚ್ಚಾದರೆ ಬಾಕ್ಸಿನ ನೀರು ಇಳಿದು, ಕೋಡಿಯಿಂದ ಬೀಳುವ ನೀರು ಜಲಪಾತದಂತೆ ಸದ್ದು ಮಾಡುತ್ತದೆ. ತೂತಿಗೆ ಏರ್ ಟ್ಯೂಬು ಸಿಕ್ಕಿಸಿ, ಅದರ ತುದಿಗೆ ಏರ್ ಪಂಪಿನವರು ಮಾರುವ ಪ್ಲಾಸ್ಟಿಕ್ಕಿನ ಪುಟ್ಟ ನಲ್ಲಿಯೊಂದನ್ನು ಹಾಕಿದರೆ ತಿರುಗಿಸಿ ಹದ ಮಾಡಬಹುದು.

ಗೊಳಗೊಳ ಸದ್ದು ನಿಲ್ಲದೆ ಬರುತ್ತಿದ್ದರೆ ಕೊಳವೆಗೆ ಹೊರೆ ಹೆಚ್ಚಾಗಿದೆ. ಗಾಳಿ ನೀರು ಬೆರೆತು ಇಳಿಯುವ ಒಂದಿಂಚಿನ ಕೊಳವೆಗೆ ಗಂಟೆಗೆ ಸುಮಾರು 2,000 ಲೀಟರಿನ ಒಳಗೇ ಇಟ್ಟುಕೊಳ್ಳುವುದು ಲೇಸು. ಪಂಪಿನ ಡಬ್ಬಿಯ ಮೇಲಿನ ಅಂಕಿ ನಂಬಬೇಡಿ, ಅದು ನೀರನ್ನು ಒಂದಿಷ್ಟೂ ಎತ್ತದೆ ಬಿಟ್ಟಾಗಿನ ಲೆಕ್ಕ. ಹತ್ತು ಲೀಟರ್ ಬಕೆಟನ್ನು ಮೇಲಿನ ಬಾಯಿಗೆ ಹಿಡಿದು ಮೊಬೈಲಿನಲ್ಲಿ ಸೆಕೆಂಡು ಎಣಿಸಿ. 36,000 ವನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಲೀಟರ್ ಎಂದು ಸಿಗುತ್ತದೆ. 24 ಸೆಕೆಂಡಿಗೆ ತುಂಬಿದರೆ 1,500. ನಾಲ್ಕಡಿ ತೊಟ್ಟಿಗೆ ಇಷ್ಟು ಧಾರಾಳ.

ಅಂಗಡಿಯಲ್ಲಿ ಒಂದಿಂಚು ಎಂದ ಮಾತ್ರಕ್ಕೆ ಎಲ್ಲ ಪೈಪು ಒಂದೇ ಅಲ್ಲ. ಬಿಸಿನೀರಿನ ಲೈನಿಗೆ ಹಾಕುವ ಕೆನೆಬಣ್ಣದ ಸಿಪಿವಿಸಿಯ ಒಳಗಿನ ವ್ಯಾಸ ಸುಮಾರು 23 ಮಿಲಿಮೀಟರ್, ಶೆಡ್ಯೂಲ್ 40 ದರ್ಜೆಯ ಯುಪಿವಿಸಿ ಪೈಪಿನದು 26 ದಾಟುತ್ತದೆ. ನೀರು ಹಾಯುವ ಜಾಗದಲ್ಲಿ ಕಾಲು ಭಾಗದಷ್ಟು ವ್ಯತ್ಯಾಸ. ಮನೆ ಕಟ್ಟಿದಾಗ ಉಳಿದ ಸಿಪಿವಿಸಿ ತುಂಡು ಇದೆಯೆಂದು ಅದನ್ನೇ ಬಳಸಿ, ಆಮೇಲೆ ಪಂಪಿನ ಮೇಲೆ ತಪ್ಪು ಹೊರಿಸಬೇಡಿ.

ಎರಡು ಕೊಳವೆ, ಮೂರು ಕೊಳವೆ

ನೆಲ ಒರೆಸಿದ ಮೇಲೆ ನಾನು ಹೊಸ ತೊಟ್ಟಿಗೆ ಆರಿಸಿದ್ದು ಹರ್ಬಿ ಎಂಬ ಎರಡು ಕೊಳವೆಯ ಬಗೆ. ಒಂದು ಕೊಳವೆಯ ಬಾಯಿ ಬಾಕ್ಸಿನ ನೀರಿನಲ್ಲಿ ಆಳಕ್ಕೆ ಮುಳುಗಿರುತ್ತದೆ, ಗಾಳಿಯೇ ಇಲ್ಲದೆ ತುಂಬಿ ಹರಿಯುತ್ತದೆ. ಎರಡನೆಯದು ಮೇಲೆ ಬಾಯಿ ತೆರೆದು ಆಪತ್ತಿಗೆ ಕಾದಿರುತ್ತದೆ. ಗಾಳಿ ಬೆರೆಯದ್ದರಿಂದ ಸದ್ದಿಲ್ಲ. ಬೀನ್ ಆನಿಮಲ್ ಎಂಬ ಬಗೆಯಲ್ಲಿ ಮೂರು: ತುಂಬಿ ಹರಿಯುವುದೊಂದು, ತೆಳುವಾಗಿ ಹರಿಯುವುದೊಂದು, ಒಣಗಿ ಕಾಯುವುದೊಂದು. ನಡುವಿನದಕ್ಕೆ ಇರುವ ಗಾಳಿ ಟ್ಯೂಬಿನ ತುದಿಯನ್ನು ಏರುವ ನೀರು ಮುಚ್ಚಿದರೆ ಅದೂ ತುಂಬಿ ಎಳೆಯಲು ಶುರು ಮಾಡುತ್ತದೆ. ಜಾಗವಿದ್ದರೆ ಮೂರು ಉತ್ತಮ. ನಮ್ಮ ಬಾಕ್ಸಿನಲ್ಲಿ ಎರಡಕ್ಕೇ ಜಾಗವಿತ್ತು.

ಹರ್ಬಿಯಲ್ಲಿ ಬರುವ ದೋಷ ಹೆಚ್ಚಾಗಿ ವಾಲ್ವಿನದು. ಬಾಲ್ ವಾಲ್ವಿನಲ್ಲಿ ಕೂದಲೆಳೆಯಷ್ಟು ತಿರುಗಿಸಿದರೂ ಹರಿವು ಎದ್ದು ಬಿದ್ದು ಆಗುತ್ತದೆ. ಸುತ್ತು ಸುತ್ತಾಗಿ ತಿರುಗಿಸುವ ಗೇಟ್ ವಾಲ್ವೇ ಬೇಕು. ಪೂರ್ತಿ ತೆರೆದು ಶುರುಮಾಡಿ, ಕಾಲು ಸುತ್ತು ಮುಚ್ಚಿ, ಐದು ನಿಮಿಷ ಬಿಟ್ಟು ಬಾಕ್ಸಿನ ಮಟ್ಟ ನೋಡಿ, ಮತ್ತೆ ಕಾಲು ಸುತ್ತು. ಮೇಲಿನ ಕೊಳವೆಗೆ ನೂಲಿನಷ್ಟು ನೀರು ಜಿನುಗಿದರೆ ಹದ ಬಂತು. ಅವಸರ ಮಾಡಿದವರಿಗೆ ಇದು ಒಲಿಯುವುದಿಲ್ಲ, ನನಗೆ ಒಂದು ಸಂಜೆ ಹಿಡಿಯಿತು.

ಇನ್ನೊಂದು ದೋಷ ನನ್ನನ್ನು ಎರಡು ದಿನ ಕಾಡಿತು. ಕರೆಂಟು ಹೋಗಿ ಬಂದ ಮೇಲೆ ಮುಖ್ಯ ಕೊಳವೆ ಎಳೆಯುತ್ತಲೇ ಇರಲಿಲ್ಲ, ನೀರೆಲ್ಲ ಆಪತ್ತಿನ ಕೊಳವೆಯಲ್ಲಿ ಗದ್ದಲ ಮಾಡುತ್ತ ಇಳಿಯುತ್ತಿತ್ತು. ವಾಲ್ವು ಸರಿಯಿತ್ತು, ತಡೆಯಿರಲಿಲ್ಲ. ಸಂಪಿನಲ್ಲಿ ಆ ಕೊಳವೆಯ ತುದಿ ನೀರಿನೊಳಗೆ ಒಂದು ಗೇಣು ಮುಳುಗಿತ್ತು. ಕೊಳವೆಯಲ್ಲಿ ಸಿಕ್ಕ ಗಾಳಿಗೆ ಅಷ್ಟು ಆಳದ ನೀರನ್ನು ತಳ್ಳಿ ಹೊರಬರಲು ಆಗುತ್ತಿರಲಿಲ್ಲ. ತುದಿಯನ್ನು ಕತ್ತರಿಸಿ ಎರಡು ಸೆಂಟಿಮೀಟರ್ ಮಾತ್ರ ಮುಳುಗುವಂತೆ ಮಾಡಿದೆ. ಕರೆಂಟು ಹಾಕಿದ ಒಂದೆರಡು ನಿಮಿಷಕ್ಕೆ ಗಾಳಿ ಬುಸ್ಸೆಂದು ಹೊರಬಂದು ಮನೆ ಶಾಂತವಾಯಿತು.

ಕೋಡಿಯ ಉದ್ದದ ಬಗ್ಗೆಯೂ ಒಂದು ಮಾತು. ಗಂಟೆಗೆ 2,000 ಲೀಟರ್ ನೀರು 30 ಸೆಂಟಿಮೀಟರ್ ಉದ್ದದ ನಯವಾದ ಕೋಡಿ ದಾಟುವಾಗ ಸುಮಾರು 1 ಸೆಂಟಿಮೀಟರ್ ಎತ್ತರ ನಿಲ್ಲುತ್ತದೆ. ಹಲ್ಲುಗಳು ಅರ್ಧ ಜಾಗ ತಿಂದು 15 ಸೆಂಟಿಮೀಟರೇ ಉಳಿದರೆ ಅದು 1.6 ಆಗುತ್ತದೆ. ಅಂಚಿಗೆ ಉಳಿಯುವ ಜಾಗವನ್ನು ಇದನ್ನು ಸೇರಿಸಿಯೇ ಲೆಕ್ಕ ಹಾಕಿ. ಉದ್ದ ಕೋಡಿಯ ಮೇಲೆ ನೀರು ತೆಳುವಾಗಿ ಹರಿಯುವುದರಿಂದ ಮೇಲಿನ ಜಿಡ್ಡಿನ ಪೊರೆಯನ್ನೂ ಚೆನ್ನಾಗಿ ಎಳೆಯುತ್ತದೆ.

ತೂತು ಮತ್ತು ಅದರ ಸುತ್ತಲಿನ ತೇವ

ಟಫನ್ಡ್, ಅಂದರೆ ಕಾಯಿಸಿ ಗಟ್ಟಿಮಾಡಿದ ಗಾಜಿಗೆ ಡ್ರಿಲ್ ತಾಗಿಸಿದರೆ ಇಡೀ ಗಾಜು ಪುಡಿಪುಡಿ. ನಮ್ಮ ಅಂಗಡಿಗಳಲ್ಲಿ ಅಳತೆ ಕೊಟ್ಟು ಕಟ್ಟಿಸುವ ತೊಟ್ಟಿಗಳು ಸಾಮಾನ್ಯವಾಗಿ ಮಾಮೂಲಿ ಗಾಜಿನವು, ಆದರೂ ಕೇಳಿಯೇ ಮುಂದುವರಿಯಿರಿ. ಗಾಜಿನ ಹಿಂದೆ ಲ್ಯಾಪ್‌ಟಾಪಿನ ಬಿಳಿ ಪರದೆ ಇಟ್ಟು ಪೋಲರೈಸ್ಡ್ ಕೂಲಿಂಗ್ ಗ್ಲಾಸಿನಿಂದ ನೋಡಿದಾಗ ಚುಕ್ಕೆ ಪಟ್ಟೆಗಳ ಚಿತ್ತಾರ ಕಂಡರೆ ಟಫನ್ಡ್ ಎಂದೇ ತಿಳಿಯಿರಿ.

ಮೊದಲು ತೂತಿಗೆ ಕೊಳವೆ ಜೋಡಿಸುವ ಟ್ಯಾಂಕ್ ನಿಪ್ಪಲ್ ಕೊಂಡು, ಅದರ ದಾರದ ಹೊರವ್ಯಾಸ ಅಳೆದು, ಆಮೇಲೆ ವಜ್ರದ ಹೋಲ್ ಸಾ, ಅಂದರೆ ತೂತು ಕೊರೆಯುವ ದುಂಡು ಗರಗಸ, ಕೊಳ್ಳಿ. ತೂತಿನ ಅಂಚಿಗೂ ಗಾಜಿನ ಅಂಚಿಗೂ ನಡುವೆ ಕನಿಷ್ಠ ತೂತಿನ ವ್ಯಾಸದಷ್ಟು ಜಾಗ ಬಿಡಿ. ಬ್ಯಾಟರಿ ಡ್ರಿಲ್ ಬಳಸಿ, ನೀರು ಮತ್ತು ಕರೆಂಟು ಒಂದೇ ಕಡೆ ಬೇಡ. ಡ್ರಿಲ್ಲಿನ ಹ್ಯಾಮರ್ ಮೋಡ್ ಆಫ್ ಮಾಡಿ, ನಿಧಾನ ವೇಗ, ನಿರಂತರ ನೀರು, ಡ್ರಿಲ್ಲಿನ ಭಾರವೇ ಸಾಕು, ಒತ್ತಬೇಡಿ. ಕಣ್ಣಿಗೆ ಕನ್ನಡಕ.

ನಿಪ್ಪಲ್ ಹಾಕಿದ ಮೇಲೆ ಹನಿ ಹನಿ ತೇವ ಕಾಣಿಸಿದರೆ ತಪ್ಪು ಹೆಚ್ಚಾಗಿ ಎರಡೇ. ರಬ್ಬರ್ ವಾಷರನ್ನು ನಟ್ಟಿನ ಕಡೆ ಹಾಕಿರುತ್ತಾರೆ. ಅದು ಕೂರಬೇಕಾದ್ದು ಅಗಲ ಅಂಚಿರುವ ತಲೆಯ ಕಡೆ. ಅಥವಾ ವಾಷರಿಗೆ ಸಿಲಿಕಾನ್ ಬಳಿದಿರುತ್ತಾರೆ, ಬಿಗಿ ಮಾಡುವಾಗ ವಾಷರು ಜಾರಿ ಸೊಟ್ಟಗಾಗುತ್ತದೆ. ಬಿಚ್ಚಿ, ಒರೆಸಿ, ಒಣಗಿಸಿ, ಬರಿಯ ವಾಷರಿನೊಂದಿಗೆ ಕೈಯಲ್ಲಿ ಬಿಗಿಮಾಡಿ, ಮೇಲೆ ಕಾಲು ಸುತ್ತು. ಪ್ಲಂಬರ್ ಅಣ್ಣ ಪೈಪ್ ರೆಂಚ್ ತೆಗೆದರೆ ತಡೆಯಿರಿ, ಓವರ್‌ಹೆಡ್ ಟ್ಯಾಂಕಿನ ಪ್ಲಾಸ್ಟಿಕ್ಕು ತಡೆಯುವ ಬಲವನ್ನು ಗಾಜು ತಡೆಯದು.

ಮೀನು ಬಿಡುವ ಮುಂಚೆ ಎರಡು ಪರೀಕ್ಷೆ

ಬರಿಯ ನೀರಿನಲ್ಲಿ, ಹಗಲು ಹೊತ್ತಿನಲ್ಲಿ, ಪಕ್ಕದಲ್ಲೇ ನಿಂತು ಮಾಡಿ. ಮೊದಲನೆಯದು: ಓಡುತ್ತಿರುವ ಪಂಪನ್ನು ಆರಿಸಿ, ಸಂಪಿನ ನೀರು ಏರುವುದು ಪೂರ್ತಿ ನಿಲ್ಲುವವರೆಗೆ ಕಾಯಿರಿ. ಉಕ್ಕದಿದ್ದರೆ ಕಡೆಯ ಕೋಣೆಯ ಓಡುವ ಮಟ್ಟಕ್ಕೆ ಎಳೆದ ಗೆರೆಯೇ ಮಿತಿ, ಇನ್ನು ಮುಂದೆ ಅದನ್ನು ದಾಟಿ ತುಂಬಿಸಬೇಡಿ. ಮತ್ತೆ ಹಾಕಿ, ಸೈಫನ್ ತಾನಾಗಿ ಹಿಡಿಯುತ್ತದೆಯೇ ನೋಡಿ. ಹತ್ತು ಸಲ ಆರಿಸಿ ಹಾಕಿ. ಒಂಬತ್ತು ಸಲ ಹಿಡಿದು ಒಂದು ಸಲ ತಪ್ಪಿದರೆ ಅದು ಕೆಲಸ ಮಾಡುತ್ತಿಲ್ಲ ಎಂದೇ ಲೆಕ್ಕ.

ಎರಡನೆಯದು: ಇಳಿಯುವ ಕೊಳವೆಗಳನ್ನೆಲ್ಲ, ಆಪತ್ತಿನದನ್ನೂ ಸೇರಿಸಿ, ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ ಪಂಪು ಓಡಿಸಿ. ಕಡೆಯ ಕೋಣೆ ಖಾಲಿಯಾಗಿ ಪಂಪು ಗಾಳಿ ಎಳೆಯುವವರೆಗೆ ಬಿಡಿ, ಕೂಡಲೇ ಆರಿಸಿ. ಅಷ್ಟೂ ನೀರು ಮೇಲಿನ ತೊಟ್ಟಿಯೊಳಗೇ ಹಿಡಿಯಬೇಕು. ನನ್ನ ಹೊಸ ಸಂಪಿನ ಕಡೆಯ ಕೋಣೆ 20 ಕ್ಕೆ 35 ಸೆಂಟಿಮೀಟರ್, ಪಂಪಿನ ಬಾಯಿಯ ಮೇಲೆ 20 ಸೆಂಟಿಮೀಟರ್ ನೀರು, ಒಟ್ಟು 14 ಲೀಟರ್. ಮೇಲೆ 2.6 ಸೆಂಟಿಮೀಟರ್ ಏರುತ್ತದೆ, ಅಂಚಿಗೆ 4 ಇದೆ. ಉಕ್ಕಿದರೆ ಕಡೆಯ ಕೋಣೆಯ ಅಡ್ಡಗಾಜನ್ನು ಸರಿಸಿ ಕೋಣೆ ಕಿರಿದು ಮಾಡಿಸಿ, ಇಲ್ಲವೇ ಪಂಪಿನ ಕೆಳಗೆ ಗಾಜಿನ ತುಂಡು ಇಟ್ಟು ಅದರ ಬಾಯಿ ಎತ್ತರಿಸಿ. ಪಂಪು ಒಣಗಿ ಓಡಿದರೆ ಹೋಗುವುದು ಪಂಪು ಮಾತ್ರ.